ಜೀರಿಗೆಯೋ, ಕರ್ಪೂರವೋ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಪ್ಪೆಮಿಡಿ ರುಚಿ ಹಿಡಿದವರ ಎದುರು ಬರೀ ‘ಮಾವಿನಮಿಡಿ ಉಪ್ಪಿನಕಾಯಿ’ ಅಂದರೆ ನಡೆಯದು. ಯಾವ ಮರದ್ದು, ಯಾವ ಹೊಳೆಯಂಚಿನದು, ಎಷ್ಟು ವರ್ಷ ಹಳೆಯದು? ಜೀರಿಗೆ ಅಪ್ಪೆ, ಕರ್ಪೂರ ಅಪ್ಪೆ, ಅನಂತಭಟ್ಟನ ಅಪ್ಪೆ, ಮಾಳಂಜಿ ಎಂದು ವಾದ ಶುರುವಾದರೆ ಮಜ್ಜಿಗೆ ಅನ್ನ ಎಲೆಯಲ್ಲೇ ಆರುತ್ತದೆ.

ಪರೀಕ್ಷೆ ತೊಟ್ಟಿನಿಂದ ಶುರು. ಮುರಿದರೆ ಸೊನೆ ಚಿಮ್ಮಬೇಕು, ಪರಿಮಳವೆಲ್ಲ ಅದರಲ್ಲೇ. ಅದಕ್ಕೇ ಮಿಡಿಯನ್ನು ತೊಟ್ಟಿನ ಸಮೇತ ಕೊಯ್ಯಬೇಕು, ನೆಲಕ್ಕೆ ಬಿದ್ದು ಪೆಟ್ಟಾದದ್ದು ಬೇಡ. ತೊಳೆದು, ಒರೆಸಿ, ಭರಣಿಯಲ್ಲಿ ಕಲ್ಲುಪ್ಪಿನ ಜೊತೆ ಪದರ ಪದರವಾಗಿ ತುಂಬಿದರೆ ಮಿಡಿ ತಾನೇ ನೀರು ಬಿಟ್ಟು ಚಿರುಟಿಕೊಳ್ಳುತ್ತದೆ. ಆ ಉಪ್ಪುನೀರನ್ನೇ ಕುದಿಸಿ ಆರಿಸಿ, ಅದರಲ್ಲಿ ಸಾಸಿವೆ, ಮೆಣಸು ರುಬ್ಬಬೇಕು. ಖಾರ ಜಾಸ್ತಿಯಾದರೆ ಮಿಡಿಯ ವಾಸನೆ ಸತ್ತಂತೆ. ಪೇಟೆಯ ಬಾಟಲಿಗಳು ಸೋಲುವುದು ಹೆಚ್ಚಾಗಿ ಇಲ್ಲೇ.

ಬ್ರಸೆಲ್ಸ್ ಸುತ್ತಮುತ್ತ ಲ್ಯಾಂಬಿಕ್ ಎಂಬ ಹುಳಿ ಬಿಯರ್ ಇದೆ. ಯೀಸ್ಟ್ ಬೆರೆಸದೆ, ಗಾಳಿಯಲ್ಲಿದ್ದ ಸೂಕ್ಷ್ಮಜೀವಿಗಳಿಂದಲೇ ಹುದುಗಿಸಿ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡುತ್ತಾರೆ. ಅದರ ರಸಿಕರೂ ಹೀಗೇ ಹಳತು–ಹೊಸತು ಎಂದು ಜಗಳವಾಡುತ್ತಾರಂತೆ. ನಮ್ಮವರಿಗೆ ಅವರು ನೆಂಟರೇ ಸರಿ!

ನನ್ನ ಮತ ಹಳೆಯ ಜೀರಿಗೆ ಅಪ್ಪೆಗೆ. ಕಚ್ಚಿದರೆ ಮೊದಲು ಉಪ್ಪು, ಆಮೇಲೆ ಹುಳಿ, ನುಂಗಿದ ಮೇಲೆ ಜೀರಿಗೆಯ ಘಮ.

ಅಪ್ಪೆಮಿಡಿಗೆ ಭೌಗೋಳಿಕ ಸೂಚಿಕೆ ಸಿಕ್ಕಿದೆ; ಆದರೆ ಅದೊಂದರಿಂದಲೇ ಮರ ಉಳಿಯದು. ಮಿಡಿಯಾಸೆಗೆ ಕೊಂಬೆ ಕಡಿಯುವವರಿಂದ ಕೊಳ್ಳಬೇಡಿ. ಜಾಗವಿದ್ದರೆ ಒಂದು ಕಸಿ ಗಿಡ ನೆಡಿ.