ಹಿಂಗೈಗೆ ಮರುಯೌವನ: ಅಳೆದದ್ದು ಏನನ್ನು?

ಮುಖದ ಸುಕ್ಕುಗಳ ನಂತರ ಸೌಂದರ್ಯ ಚಿಕಿತ್ಸೆಯ ಗಮನ ಕೈಗಳತ್ತ ಹೊರಳಿದೆ. ವಯಸ್ಸಾದಂತೆ ಅಂಗೈಯ ಹಿಂಬದಿಯಲ್ಲಿ, ಅಂದರೆ ಹಿಂಗೈಯಲ್ಲಿ, ಎದ್ದು ಕಾಣುವ ಅಭಿಧಮನಿಗಳನ್ನೂ ಸ್ನಾಯುರಜ್ಜುಗಳನ್ನೂ ಚುಚ್ಚುಮದ್ದಿನ ರೂಪದ ಫಿಲ್ಲರ್‌ಗಳಿಂದ ಮರೆಸುವ ವಿಧಾನವಿದು. ಇದಕ್ಕೆ ಇಟ್ಟಿರುವ ಹೆಸರು ಮಾತ್ರ ದೊಡ್ಡದು: ಕೈಗಳ ಪುನರ್ಯೌವನೀಕರಣ. ಈ ಹೆಸರು ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳು ಕೇಳಲೇಬೇಕು.

ಹಿಂಗೈಯ ಚರ್ಮ ಬಹಳ ತೆಳು. ಅದರ ಕೆಳಗಿರುವ ಕೊಬ್ಬಿನ ಅಂಶವೂ ಕಡಿಮೆಯೇ. 2010ರಲ್ಲಿ ಪ್ರಕಟವಾದ ಅಂಗರಚನಾ ಅಧ್ಯಯನವೊಂದು ಈ ಕೊಬ್ಬಿನಲ್ಲಿ ಮೂರು ಪದರಗಳನ್ನು ಗುರುತಿಸಿತು. ಮಧ್ಯದ ಪದರದಲ್ಲಿ ದೊಡ್ಡ ಅಭಿಧಮನಿಗಳೂ ನರಗಳೂ ಇವೆ, ಕೆಳಗಿನದರಲ್ಲಿ ಸ್ನಾಯುರಜ್ಜುಗಳು. ಮೇಲಿನ ಪದರದಲ್ಲಿ ಇವಾವುವೂ ಇಲ್ಲ. ಫಿಲ್ಲರನ್ನು ಸೇರಿಸುವುದು ಈ ಮೇಲಿನ ಪದರಕ್ಕೆ.

ವಯಸ್ಸಾಗುವಾಗ ಇಲ್ಲಿ ಎರಡು ಬೇರೆ ಬೇರೆ ಕ್ರಿಯೆಗಳು ನಡೆಯುತ್ತವೆ. ಮೊದಲನೆಯದು ಚರ್ಮದಲ್ಲೇ ಆಗುವಂಥದ್ದು. ಬಿಸಿಲಿನ ಅತಿನೇರಳೆ ಕಿರಣಗಳು ಒಳಚರ್ಮದ ಕೊಲ್ಲಾಜನ್ ಮತ್ತು ಎಲಾಸ್ಟಿನ್ ತಂತುಗಳನ್ನು ಕೆಡಿಸುತ್ತವೆ. ಕಪ್ಪು ಮಚ್ಚೆಗಳು ಮೂಡುತ್ತವೆ, ಸ್ಥಿತಿಸ್ಥಾಪಕತ್ವ ಕುಗ್ಗುತ್ತದೆ. ಹಿಂಗೈಯ ಚರ್ಮವನ್ನು ಎರಡು ಬೆರಳಿನಲ್ಲಿ ಚಿವುಟಿ ಎತ್ತಿ ಬಿಟ್ಟು ನೋಡಿ. ವಿದ್ಯಾರ್ಥಿಯ ಕೈಯಲ್ಲಿ ಅದು ತಟ್ಟನೆ ಮೊದಲಿನಂತಾಗುತ್ತದೆ, ನಿವೃತ್ತಿಯ ಅಂಚಿನಲ್ಲಿರುವ ಅಧ್ಯಾಪಕರ ಕೈಯಲ್ಲಿ ಮಡಿಕೆ ಕೊಂಚ ಹೊತ್ತು ಹಾಗೆಯೇ ನಿಲ್ಲಬಹುದು. ಎರಡನೆಯ ಕ್ರಿಯೆ ಚರ್ಮದ ಕೆಳಗಿನ ಕೊಬ್ಬು ಕರಗುವುದು. ಫಿಲ್ಲರ್ ತುಂಬುವುದು ಈ ಎರಡನೆಯದನ್ನು ಮಾತ್ರ.

ಬಳಸುವ ವಸ್ತುಗಳು ಸ್ವಾರಸ್ಯಕರವಾಗಿವೆ. ಮೂಳೆ, ಹಲ್ಲುಗಳ ಖನಿಜಕ್ಕೆ ಸಮಾನವಾದ ಕ್ಯಾಲ್ಸಿಯಂ ಹೈಡ್ರಾಕ್ಸಿಅಪಟೈಟ್‌ನ 25ರಿಂದ 45 ಮೈಕ್ರಾನ್ ಗಾತ್ರದ ಗೋಲಗಳನ್ನು ಜೆಲ್‌ನಲ್ಲಿ ತೇಲಿಸಿ ತಯಾರಿಸುವುದು ಒಂದು ಬಗೆ. ಇದರಲ್ಲಿ ಗೋಲಗಳ ಪಾಲು ಶೇ. 30, ಜೆಲ್ ಶೇ. 70. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ (ಎಫ್‌ಡಿಎ) ಇದನ್ನು ಹಿಂಗೈಗೆ ಬಳಸಲು 2015ರಲ್ಲಿ ಒಪ್ಪಿತು. ಇನ್ನೊಂದು ಹಯಲುರಾನಿಕ್ ಆಮ್ಲ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಹಸುವಿನ ಕಣ್ಣಿನ ಗಾಜುರಸದಿಂದ ಇದನ್ನು ಬೇರ್ಪಡಿಸಿದರು. ನಮ್ಮ ದೇಹದಲ್ಲಿ ಸುಮಾರು 15 ಗ್ರಾಂ ಇರುವ ಈ ಪದಾರ್ಥದ ಮೂರನೇ ಒಂದರಷ್ಟು ದಿನವೂ ಒಡೆದು ಹೊಸದಾಗಿ ತಯಾರಾಗುತ್ತದೆ! ಹಾಗಾಗಿ ಫಿಲ್ಲರ್ ಮಾಡುವಾಗ ಅದರ ಅಣುಸರಪಳಿಗಳನ್ನು ಅಡ್ಡಬಂಧಗಳಿಂದ ಹೆಣೆಯಬೇಕಾಗುತ್ತದೆ. ಇದರ ಒಂದು ತಯಾರಿಕೆಗೆ ಹಿಂಗೈಯ ಅನುಮತಿ ದೊರೆತದ್ದು 2018ರಲ್ಲಿ. ಎರಡರ ಪರಿಣಾಮವೂ ತಾತ್ಕಾಲಿಕ.

ಇನ್ನು ಪುರಾವೆಯ ವಿಷಯ. 2015ರ ಅನುಮತಿಗೆ ಆಧಾರವಾದ ಪ್ರಯೋಗದಲ್ಲಿ ಇದ್ದವರು 114 ಮಂದಿ. ಫಲಿತಾಂಶವನ್ನು ಅಳೆದದ್ದು 0ಯಿಂದ 4ರವರೆಗಿನ ಶ್ರೇಣಿಯಲ್ಲಿ. ಕೊಬ್ಬು ಎಷ್ಟು ಕಡಿಮೆಯಾಗಿದೆ, ಅಭಿಧಮನಿ ಮತ್ತು ಸ್ನಾಯುರಜ್ಜುಗಳು ಎಷ್ಟು ಎದ್ದು ಕಾಣುತ್ತವೆ ಎಂಬುದನ್ನಷ್ಟೇ ಈ ಶ್ರೇಣಿ ನೋಡುತ್ತದೆ. ಮಚ್ಚೆಗಳಿಗಾಗಲೀ ಚರ್ಮದ ಸ್ಥಿತಿಸ್ಥಾಪಕತ್ವಕ್ಕಾಗಲೀ ಅದರಲ್ಲಿ ಅಂಕವಿಲ್ಲ. ಶ್ರೇಣಿಗೆ ಇರುವುದು ಉತ್ಪಾದಕ ಕಂಪನಿಯಾದ ಮರ್ಜ್‌ನ ಹೆಸರೇ. ಫಿಲ್ಲರ್ ಏನನ್ನು ಮಾಡಬಲ್ಲದೋ ಅದನ್ನೇ ಅಳೆಯುವ ಮಾನದಂಡವಿದು. ಯಾರಿಗೆ ಚಿಕಿತ್ಸೆಯಾಗಿದೆ ಎಂದು ತಿಳಿಯದವರೇ ಅಂಕ ನೀಡಿದರೆಂಬುದನ್ನು ಪ್ರಯೋಗದ ಪರವಾಗಿ ಹೇಳಬೇಕು. ರಕ್ತನಾಳಗಳು ಕಡಿಮೆ ಕಂಡವು ಎಂಬ ತೀರ್ಮಾನದಲ್ಲಿ ತಕರಾರಿಲ್ಲ. ತಕರಾರಿರುವುದು ಅದನ್ನು ಯೌವನ ಎಂದು ಕರೆಯುವುದರಲ್ಲಿ.

ಫಿಲ್ಲರ್ ಚರ್ಮವನ್ನೇ ಬದಲಿಸುತ್ತದೆ ಎನ್ನುವವರು ಮಿಷಿಗನ್ ವಿಶ್ವವಿದ್ಯಾಲಯದ 2007ರ ಸಂಶೋಧನೆಯನ್ನು ಮುಂದಿಡಬಹುದು. ಅದು ಒಳ್ಳೆಯ ಕೆಲಸವೇ. ಬಿಸಿಲಿಗೆ ಹಾಳಾದ ಮೊಣಕೈ ಕೆಳಗಿನ ಚರ್ಮಕ್ಕೆ ಅಡ್ಡಬಂಧಿತ ಹಯಲುರಾನಿಕ್ ಆಮ್ಲ ಸೇರಿಸಿದಾಗ ಅಲ್ಲಿನ ಫೈಬ್ರೊಬ್ಲಾಸ್ಟ್ ಕೋಶಗಳು ಹಿಗ್ಗಿ ಹೊಸ ಕೊಲ್ಲಾಜನ್ ತಯಾರಿಸತೊಡಗಿದವು. ಆದರೆ ಸ್ವಯಂಸೇವಕರು ಕೇವಲ 11 ಮಂದಿ, ಚುಚ್ಚಿದ್ದು ಒಳಚರ್ಮಕ್ಕೆ. ಹಿಂಗೈಯಲ್ಲಿ ಫಿಲ್ಲರ್ ಹೋಗುವುದು ಒಳಚರ್ಮದ ಕೆಳಗೆ. ಒಂದು ಪದರದ ಫಲಿತಾಂಶವನ್ನು ಇನ್ನೊಂದಕ್ಕೆ ಎತ್ತಿಕೊಳ್ಳುವಂತಿಲ್ಲ.

ಭಾರತೀಯರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಅದೇ ಕ್ಯಾಲ್ಸಿಯಂ ಫಿಲ್ಲರ್‌ನ ಅಮೆರಿಕದ ಬಳಕೆ ಸೂಚನೆಯ ಪ್ರಕಾರ, ಅಧ್ಯಯನದಲ್ಲಿದ್ದವರ ಪೈಕಿ ಸುಮಾರು ಅರ್ಧದಷ್ಟು ಮಂದಿಗೆ ಚುಚ್ಚುಮದ್ದಿನ ನಂತರ ಕೈಕೆಲಸ ಮಾಡಲು ತಾತ್ಕಾಲಿಕ ತೊಂದರೆಯಾಗಿತ್ತು. ಫಿಟ್ಜ್‌ಪ್ಯಾಟ್ರಿಕ್ ವರ್ಗೀಕರಣದ 4ರಿಂದ 6ನೇ ಬಗೆಯ, ಅಂದರೆ ಕಂದಿನಿಂದ ಕಪ್ಪುವರೆಗಿನ ಚರ್ಮದವರಲ್ಲಿ ಇದು ಸುಮಾರು ಮೂರನೇ ಎರಡರಷ್ಟು. ನಮ್ಮಲ್ಲಿ ಬಹುಪಾಲು ಜನ ಈ ಗುಂಪಿನವರೇ. ಸಣ್ಣ ಪ್ರಯೋಗದೊಳಗಿನ ಉಪಗುಂಪಿನ ಅಂಕಿ ಇದಾದ್ದರಿಂದ ಅಂತಿಮವೆನ್ನಲಾಗದು. ಆದರೂ ಕೈ ಎಂಬುದು ಮುಖದಂತೆ ನೋಡಲಿಕ್ಕಷ್ಟೇ ಇರುವ ಅಂಗವಲ್ಲ. ಸೀಮೆಸುಣ್ಣ ಹಿಡಿಯುವವರಿಗೆ, ರೊಟ್ಟಿ ತಟ್ಟುವವರಿಗೆ ಕೆಲವು ದಿನಗಳ ತೊಂದರೆಯೂ ಲೆಕ್ಕಕ್ಕೆ ಬರುತ್ತದೆ. ಚಿಕಿತ್ಸೆ ಬಯಸುವವರಿಗೆ ಈ ಅಂಕಿಯನ್ನು ಮೊದಲೇ ತಿಳಿಸಬೇಕು.

ಎರಡು ವಸ್ತುಗಳ ನಡುವೆ ಆಯ್ಕೆ ಮಾಡುವಾಗ ಇನ್ನೊಂದು ವ್ಯತ್ಯಾಸವೂ ಮುಖ್ಯ. ಹಯಲುರಾನಿಕ್ ಆಮ್ಲ ಗಂಟುಗಟ್ಟಿದರೆ ಹಯಲುರಾನಿಡೇಸ್ ಎಂಬ ಕಿಣ್ವದಿಂದ ಕರಗಿಸಬಹುದು. ಕ್ಯಾಲ್ಸಿಯಂ ಗೋಲಗಳಿಗೆ ಅಂಥ ಕಿಣ್ವವಿಲ್ಲ. ಅವು ಎಕ್ಸ್-ರೇ ಚಿತ್ರದಲ್ಲೂ ಬೆಳ್ಳಗೆ ಕಾಣಬಲ್ಲವು. ಆದ್ದರಿಂದ ಮುಂದೆಂದಾದರೂ ಕೈಮೂಳೆ ಮುರಿದರೆ ಹಿಂದೆ ಫಿಲ್ಲರ್ ಹಾಕಿಸಿಕೊಂಡಿದ್ದನ್ನು ಎಕ್ಸ್-ರೇ ನೋಡುವ ವೈದ್ಯರಿಗೆ ತಿಳಿಸಬೇಕಾಗುತ್ತದೆ.