ಅಂಗಡಿಯ ಮುಂದಿನ ಬೀದಿ ಯಾರದು?
(ವಾಹನ ನಿಲುಗಡೆ ನೀತಿಯ ಒಂದು ವಿಮರ್ಶೆ)

ಗೃಹಸ್ಥನ ನಡತೆಯ ನಿಜವಾದ ಪರೀಕ್ಷೆ ದೊಡ್ಡ ಪ್ರಸಂಗಗಳಲ್ಲಿ ನಡೆಯುವುದು ಅಪರೂಪ. ಯಾರೂ ಗಮನಿಸದ, ಗಮನಿಸಿದರೂ ಯಾರೂ ತಪ್ಪೆಂದು ಎಣಿಸದ ಸಣ್ಣ ವ್ಯವಹಾರಗಳಲ್ಲಿಯೇ ಅದು ನಡೆಯುತ್ತದೆ. ನಮ್ಮ ವಾಹನವನ್ನು ಎಲ್ಲಿ ನಿಲ್ಲಿಸುತ್ತೇವೆ ಎಂಬುದು ಅಂಥದೊಂದು ವ್ಯವಹಾರ. ಇದು ಪೊಲೀಸ್ ಇಲಾಖೆಗೂ ನಗರ ಪಾಲಿಕೆಗೂ ಸೇರಿದ ವಿಷಯವಲ್ಲವೆ, ನೀತಿವಿಚಾರದ ಪತ್ರಿಕೆಯಲ್ಲಿ ಇದಕ್ಕೇನು ಸ್ಥಾನ ಎಂದು ವಾಚಕರು ಕೇಳಬಹುದು. ಕೆಲವು ತಿಂಗಳ ಹಿಂದೆ ನಾನೂ ಹಾಗೆಯೇ ಕೇಳುತ್ತಿದ್ದೆ.

ಬೆಂಗಳೂರಿನ ಹಳೆಯ ಪೇಟೆಯಲ್ಲಿರುವ ನಮ್ಮ ಬೀದಿಯಲ್ಲಿ ವಾಹನ ನಿಲುಗಡೆಗೆ ಶುಲ್ಕ ವಿಧಿಸಲಾಗುವುದೆಂಬ ಸುದ್ದಿ ಹಬ್ಬಿದಾಗ ವರ್ತಕ ಬಂಧುಗಳು ಸಭೆ ಸೇರಿದರು. ನಾನು ಬಿ.ಕಾಂ. ಓದಿದವನು, ಅರ್ಜಿ ಬರೆಯುವ ಕ್ರಮ ಬಲ್ಲವನು ಎಂಬ ಕಾರಣದಿಂದ ಆಕ್ಷೇಪಣಾ ಪತ್ರವನ್ನು ಸಿದ್ಧಪಡಿಸುವ ಹೊಣೆಯನ್ನು ನನಗೆ ಒಪ್ಪಿಸಿದರು. ಅವರು ಸೂಚಿಸಿದ ಅಂಶಗಳು ನಾಲ್ಕು: ವಾಹನ ತೆರಿಗೆಯನ್ನು ನಾವು ಈಗಾಗಲೇ ತೆತ್ತಿದ್ದೇವೆ, ಶುಲ್ಕ ಬಂದರೆ ಗಿರಾಕಿಗಳು ಬರುವುದಿಲ್ಲ, ವಸೂಲಿಯ ಗುತ್ತಿಗೆದಾರರು ಜನರನ್ನು ಸುಲಿಯುತ್ತಾರೆ, ಅಂಗಡಿಯ ಮುಂದಿನ ಜಾಗ ತಲೆಮಾರುಗಳಿಂದ ನಮ್ಮದೇ. ನಾನು ಒಪ್ಪಿಕೊಂಡು ಮನೆಗೆ ಬಂದೆ. ಮೂರು ರಾತ್ರಿ ಕುಳಿತರೂ ಪತ್ರ ಮುಂದೆ ಸಾಗಲಿಲ್ಲ. ಏಕೆ ಸಾಗಲಿಲ್ಲವೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲಿಗೆ ನಿಯಮಗಳ ಸ್ವರೂಪವನ್ನು ತಿಳಿಯಬೇಕು. 1988ರ ಮೋಟಾರು ವಾಹನ ಕಾಯಿದೆಯ 117ನೆಯ ಕಲಮು ವಾಹನಗಳು ಎಲ್ಲಿ ನಿಲ್ಲಬೇಕೆಂಬುದನ್ನು ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ ಗೊತ್ತುಪಡಿಸುವ ಅಧಿಕಾರವನ್ನು ಕೊಡುತ್ತದೆ. 122ನೆಯ ಕಲಮು ಇತರರಿಗೆ ಅಪಾಯ, ಅಡಚಣೆ ಆಗುವಂತೆ ವಾಹನ ಬಿಡುವುದನ್ನು ನಿಷೇಧಿಸುತ್ತದೆ. ಫುಟ್‌ಪಾತಿನ ಮೇಲೆ, ಕೂಡುರಸ್ತೆಯ ಬಳಿ, ಬಸ್ ನಿಲ್ದಾಣ, ಶಾಲೆ, ಆಸ್ಪತ್ರೆಗಳ ಬಾಗಿಲಲ್ಲಿ ವಾಹನ ನಿಲ್ಲಿಸಬಾರದೆಂದು 1989ರ ನಿಯಮಾವಳಿಯಲ್ಲಿಯೇ ಇತ್ತು. ಅದರ ಬದಲಿಗೆ 2017ರಲ್ಲಿ ಬಂದ ನಿಯಮಾವಳಿಯಲ್ಲಿಯೂ ನಿಲುಗಡೆಯ ನಿಷೇಧಗಳಿವೆ. ಅಂದರೆ ನಿಯಮಕ್ಕೆ ಬರಗಾಲವಿಲ್ಲ. ಬೆಂಗಳೂರಿನಲ್ಲಿ ಬದಲಾಗುತ್ತ ಬಂದಿರುವುದು ನಿಲುಗಡೆಯ ಬೆಲೆ ಮತ್ತು ಅದನ್ನು ವಸೂಲು ಮಾಡುವ ರೀತಿ. ಹಿಂದೆ ಇದ್ದ ಶುಲ್ಕದ ಪದ್ಧತಿಯನ್ನು ಈ ಶತಮಾನದ ಮೊದಲ ದಶಕದಲ್ಲಿ ಕೈಬಿಡಲಾಯಿತು. ಹಲವು ಬೀದಿಗಳಲ್ಲಿ ಸಮ ದಿನಾಂಕಕ್ಕೆ ಒಂದು ಬದಿ, ಬೆಸ ದಿನಾಂಕಕ್ಕೆ ಇನ್ನೊಂದು ಬದಿ ಎಂಬ ಫಲಕಗಳು ಬಂದವು. 2020ರಲ್ಲಿ ಕಸ್ತೂರಬಾ ರಸ್ತೆಯಲ್ಲಿ ಯಂತ್ರದ ಮೂಲಕ ಶುಲ್ಕ ಪಡೆಯುವ ವ್ಯವಸ್ಥೆ ಆರಂಭವಾಯಿತು. 2021ರ ಆರಂಭದಲ್ಲಿ ಬೆಳಕಿಗೆ ಬಂದ ಹೊಸ ನಿಲುಗಡೆ ನೀತಿಯಲ್ಲಿ ವಸತಿ ಬೀದಿಗಳಿಗೂ ವಾರ್ಷಿಕ ಪರವಾನಗಿಯ ಪ್ರಸ್ತಾಪವಿತ್ತು: ಸಣ್ಣ ಕಾರಿಗೆ ವರ್ಷಕ್ಕೆ 1,000 ರೂಪಾಯಿ, ದೊಡ್ಡ ವಾಹನಕ್ಕೆ 5,000 ರೂಪಾಯಿ. ನೀತಿಯನ್ನು ಜಾರಿಗೆ ತರಬೇಕಾಗಿದ್ದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೇ 2025ರ ಸೆಪ್ಟೆಂಬರಿನಲ್ಲಿ ಐದು ನಗರ ಪಾಲಿಕೆಗಳಾಗಿ ಹಂಚಿಹೋಯಿತು.

ಈ ನೀತಿಯನ್ನು ವರ್ತಕನ ಕಣ್ಣಿನಿಂದಲೇ ನೋಡೋಣ. ಒಂದು ಕಾರು ನಿಲ್ಲಲು ಐದು ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲದ ಜಾಗ ಬೇಕೆಂದು ಹಿಡಿದರೆ, ಅದು ಸುಮಾರು 135 ಚದರ ಅಡಿ. ನಮ್ಮ ಪೇಟೆಯಲ್ಲಿ ಇದಕ್ಕಿಂತ ಚಿಕ್ಕ ಮಳಿಗೆಯಲ್ಲಿ ಕುಳಿತು ಸಂಸಾರ ಸಾಗಿಸಿದವರಿದ್ದಾರೆ. ಅವರು ಬಾಡಿಗೆ ಕೊಟ್ಟಿದ್ದಾರೆ, ಪಗಡಿ ಕೊಟ್ಟಿದ್ದಾರೆ, ತೆರಿಗೆ ಕಟ್ಟಿದ್ದಾರೆ. ಹೊಸ್ತಿಲಿನಿಂದ ಆಚೆಗೆ ಅಷ್ಟೇ ಜಾಗವನ್ನು ದಿನವಿಡೀ ಆಕ್ರಮಿಸಿಕೊಳ್ಳುವ ವಾಹನ ಕೊಡುವುದು ಸೊನ್ನೆ. ಪ್ರಸ್ತಾಪಿತ ಪರವಾನಗಿಯ 1,000 ರೂಪಾಯಿಯನ್ನು 365ರಿಂದ ಭಾಗಿಸಿದರೆ ದಿನಕ್ಕೆ 2 ರೂಪಾಯಿ 74 ಪೈಸೆ ಬರುತ್ತದೆ. ಅಷ್ಟಕ್ಕೆ ಅರ್ಧ ಲೋಟ ಕಾಫಿಯೂ ಬಾರದು. ದೊಡ್ಡ ವಾಹನಕ್ಕೂ ದಿನಕ್ಕೆ 13 ರೂಪಾಯಿ 70 ಪೈಸೆ ಮಾತ್ರ. ನಗರದ ಭೂಮಿಯ ಬೆಲೆಯನ್ನು ನಿಜವಾಗಿ ಪ್ರತಿನಿಧಿಸುವಂಥ ಹೆಚ್ಚಿನ ನಿಲುಗಡೆ ಶುಲ್ಕ ಇರಬೇಕೆಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಹೇಳಿತ್ತು. ಆ ಮಾತಿಗೂ ಈ ದರಕ್ಕೂ ಇರುವ ಅಂತರವನ್ನು ಲೆಕ್ಕ ಬಲ್ಲವರಿಗೆ ವಿವರಿಸಬೇಕಾಗಿಲ್ಲ.

ತೆರಿಗೆ ತೆತ್ತಿದ್ದೇವೆ ಎಂಬ ವಾದವನ್ನು ಈಗ ತೂಗಬಹುದು. ವಾಹನ ಕೊಳ್ಳುವಾಗ ನಾವು ಕಟ್ಟುವ ಜೀವಾವಧಿ ತೆರಿಗೆ ರಾಜ್ಯ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ. ಬೀದಿಯನ್ನು ಗುಡಿಸಿ, ದೀಪ ಹಾಕಿ, ದುರಸ್ತಿ ಮಾಡುವುದು ನಗರ ಪಾಲಿಕೆ. ಒಂದು ಖಾತೆಯ ಜಮೆಯನ್ನು ಇನ್ನೊಂದು ಖಾತೆಗೆ ತೋರಿಸುವುದನ್ನು ನಮ್ಮ ಗುಮಾಸ್ತ ಮಾಡಿದರೆ ನಾವು ಒಪ್ಪುತ್ತೇವೆಯೆ? ಅಲ್ಲದೆ ಸಂಚರಿಸುವ ಹಕ್ಕು ಬೇರೆ, ನೆಲವನ್ನು ಹಿಡಿದು ಕೂರುವ ಹಕ್ಕು ಬೇರೆ. ಕಾರಿಲ್ಲದವನೂ ಆಸ್ತಿ ತೆರಿಗೆ ಕಟ್ಟುತ್ತಾನೆ, ಬಾಡಿಗೆಯ ಮೂಲಕವಾದರೂ ಕಟ್ಟುತ್ತಾನೆ. ಅವನ ಹಣದಿಂದಲೂ ಆದ ಬೀದಿಯಲ್ಲಿ ಅವನ ಪಾಲಿಗೆ ಉಳಿಯುವುದು ಕಾರಿಗೂ ಚರಂಡಿಗೂ ನಡುವಿನ ಒಂದು ಗೇಣು.

ಗಿರಾಕಿಗಳು ಬಾರರೆಂಬ ಎರಡನೆಯ ವಾದದ ಬಳಿಗೆ ಬಂದಾಗ ನನ್ನ ಲೇಖನಿ ನಿಂತಿತು. ಏಕೆಂದರೆ ನನ್ನ ಅಂಗಡಿಯ ಮುಂದೆ ಬೆಳಗ್ಗೆ ಒಂಬತ್ತರಿಂದ ರಾತ್ರಿ ಎಂಟರವರೆಗೆ ನಿಲ್ಲುತ್ತಿದ್ದ ಕಾರು ನನ್ನದೇ. ಗಿರಾಕಿಯೊಬ್ಬರು ಅರ್ಧ ತಾಸು ನಿಂತು ಹೋಗುವರೆಂದು ಇಟ್ಟುಕೊಂಡರೆ, ಹನ್ನೊಂದು ತಾಸಿನಲ್ಲಿ ಇಪ್ಪತ್ತೆರಡು ಗಿರಾಕಿಗಳ ಜಾಗವನ್ನು ನಾನೊಬ್ಬನೇ ತಿನ್ನುತ್ತಿದ್ದೆ. ಪಕ್ಕದ ಅಂಗಡಿಯವರದೂ ಅದೇ ಕಥೆ. ಬೀದಿಯ ಉದ್ದಕ್ಕೂ ನಿಂತ ವಾಹನಗಳನ್ನು ಒಂದು ದಿನ ಎಣಿಸಿದೆ. ಹೆಚ್ಚಿನವು ನಮ್ಮವು, ನಮ್ಮ ಕೆಲಸಗಾರರವು. ಗಿರಾಕಿಗಳನ್ನು ದೂರ ಇಟ್ಟಿದ್ದವರು ನಾವೇ. ಈ ಅನುಭವ ಹೊಸದೂ ಅಲ್ಲ. ಪ್ರಪಂಚದ ಮೊದಲ ನಿಲುಗಡೆ ಮೀಟರನ್ನು 1935ರ ಜುಲೈಯಲ್ಲಿ ಅಮೆರಿಕದ ಒಕ್ಲಹೋಮ ನಗರದಲ್ಲಿ ನೆಟ್ಟಾಗ ಅದರ ಹಿಂದಿದ್ದುದು ವರ್ತಕರ ಅಹವಾಲೇ: ಪೇಟೆಯಲ್ಲಿ ದುಡಿಯುವವರ ಕಾರುಗಳು ದಿನವಿಡೀ ನಿಂತು ಗಿರಾಕಿಗಳಿಗೆ ಎಡೆಯೇ ಇರಲಿಲ್ಲ. ಕ್ಯಾಲಿಫೋರ್ನಿಯದ ಪ್ಯಾಸಡೀನದ ಹಳೆಯ ಪೇಟೆಯಲ್ಲಿ 1993ರಲ್ಲಿ ಮೀಟರುಗಳು ಬಂದಾಗ, ಅದರ ಹಣವನ್ನು ಅದೇ ಪೇಟೆಯ ಕಾಲುದಾರಿ, ದೀಪ, ನೈರ್ಮಲ್ಯಕ್ಕೆ ಬಳಸುವುದೆಂಬ ಒಪ್ಪಂದದ ಮೇಲೆ ವರ್ತಕರು ಸಮ್ಮತಿಸಿದರು. ಆ ಪೇಟೆ ಚೇತರಿಸಿಕೊಂಡಿತು. ಉಚಿತ ನಿಲುಗಡೆಯ ನಿಜವಾದ ವೆಚ್ಚದ ಬಗ್ಗೆ 2005ರಲ್ಲಿ ಬೃಹದ್ಗ್ರಂಥವನ್ನೇ ಬರೆದ, 2025ರಲ್ಲಿ ತೀರಿಕೊಂಡ ಡೊನಾಲ್ಡ್ ಶೂಪ್ ಈ ಉದಾಹರಣೆಯನ್ನು ಮತ್ತೆ ಮತ್ತೆ ಎತ್ತಿ ತೋರಿಸುತ್ತಿದ್ದರು.

ಗುತ್ತಿಗೆದಾರರ ಕುರಿತ ಮೂರನೆಯ ಆಕ್ಷೇಪ ಮಾತ್ರ ಸತ್ಯದಿಂದ ತುಂಬಿದೆ. ಚೀಟಿ ಕೊಡದೆ ಹಣ ಪಡೆಯುವುದು, ಫಲಕದಲ್ಲಿ ಒಂದು ದರ, ಬಾಯಲ್ಲಿ ಇನ್ನೊಂದು ದರ, ಇವನ್ನು ಈ ನಗರದ ಜನ ಕಂಡಿದ್ದಾರೆ. ಖಾಸಗಿ ಗುತ್ತಿಗೆಯ ಮೂಲಕ ವಾಹನಗಳನ್ನು ಎತ್ತಿಕೊಂಡು ಹೋಗುವ ವ್ಯವಸ್ಥೆಯನ್ನು ಸಾರ್ವಜನಿಕರ ದೂರುಗಳ ನಂತರ 2022ರ ಫೆಬ್ರವರಿಯಲ್ಲಿ ನಿಲ್ಲಿಸಬೇಕಾಯಿತು. ಹೊಸ ನೀತಿಯ ಮುಖ್ಯ ದೋಷ ಇಲ್ಲಿಯೇ ಇದೆಯೆಂದು ನನ್ನ ಅಭಿಪ್ರಾಯ. ಎಷ್ಟು ವಸೂಲು ಮಾಡಬೇಕೆಂಬುದರ ಬಗ್ಗೆ ನಡೆದಷ್ಟು ಚರ್ಚೆ, ವಸೂಲಾದುದು ಎಲ್ಲಿಗೆ ಹೋಗುತ್ತದೆ ಎಂಬುದರ ಬಗ್ಗೆ ನಡೆಯಲಿಲ್ಲ. ನಮ್ಮ ಬೀದಿಯ ಹಣದಿಂದ ನಮ್ಮ ಬೀದಿಯ ಕಲ್ಲುಹಾಸು ಸರಿಯಾಗುವುದನ್ನು ಕಣ್ಣಾರೆ ಕಂಡರೆ ಜನ ಶುಲ್ಕ ಕೊಡುತ್ತಾರೆ. ಕಾಣದಿದ್ದರೆ ಅದು ದಂಡವೆನಿಸುತ್ತದೆ.

ಇನ್ನೊಂದು ದೋಷವೂ ಉಂಟು. ನೀತಿ ವಾಹನದಿಂದ ಆರಂಭವಾಗಿ ಪಾದಚಾರಿಯ ಬಳಿಗೆ ಬರುತ್ತದೆ, ಪಾದಚಾರಿಯಿಂದ ಆರಂಭವಾಗಬೇಕಿತ್ತು. ಫುಟ್‌ಪಾತನ್ನು ಬಳಸುವ ಹಕ್ಕು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿಯೇ ಅಡಕವಾಗಿದೆಯೆಂದು ಸರ್ವೋಚ್ಚ ನ್ಯಾಯಾಲಯ 2025ರ ಮೇ ತಿಂಗಳಲ್ಲಿ ಹೇಳಿತು. ಮೊದಲು ನಡೆಯುವವನ ಪಾಲು, ಬಳಿಕ ಬಸ್ಸಿನ ಪಾಲು, ಉಳಿದುದರಲ್ಲಿ ನಿಲ್ಲುವ ವಾಹನದ ಪಾಲು ಎಂಬುದು ನ್ಯಾಯವಾದ ಹಂಚಿಕೆ. ತೀರ ಅಗ್ಗದ ವಾರ್ಷಿಕ ಪರವಾನಗಿಯಾದರೋ ಉಪಯೋಗದ ಹಕ್ಕನ್ನು ಕ್ರಮೇಣ ಒಡೆತನದ ಭಾವನೆಯಾಗಿ ಮಾರ್ಪಡಿಸುವ ಭಯವಿದೆ. ಸಾವಿರ ರೂಪಾಯಿ ಕೊಟ್ಟವನು ಮರುವರ್ಷ ಅಲ್ಲಿ ಸರಪಳಿ ಹಾಕುತ್ತಾನೆ.

ಹೀಗೆ ನಾಲ್ಕನೆಯ ವಾದದ ಮುಂದೆ ಬಂದು ನಿಲ್ಲುತ್ತೇವೆ: ಅಂಗಡಿಯ ಮುಂದಿನ ಜಾಗ ನಮ್ಮದು. ಬಂಧುಗಳೇ, ಇದನ್ನು ನಾನು ಬರೆಯಲಾರದೆ ಹೋದೆ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಸ್ತೇಯವೆಂದು ಬಾಲ್ಯದಿಂದ ಕಲಿತವರು ನಾವು. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದೂ ಒಂದು, ವಿರುದ್ಧರಾಜ್ಯಾತಿಕ್ರಮವೂ ಒಂದು. ತಕ್ಕಡಿಯ ಮುಂದೆ ಕುಳಿತಾಗ ಒಂದು ಗುಲಗಂಜಿಗೂ ಅಂಜುವ ನಾವು, ಹೊಸ್ತಿಲು ದಾಟಿದೊಡನೆ 135 ಚದರ ಅಡಿಗೆ ಅಂಜುವುದಿಲ್ಲ. ಮನೆಗಳ ಮುಂದೆಯೂ ಇದೇ ಸ್ಥಿತಿ: ಹೂವಿನ ಕುಂಡ, ಸಿಮೆಂಟು ತುಂಬಿದ ಡಬ್ಬ, ‘ನೋ ಪಾರ್ಕಿಂಗ್’ ಎಂಬ ತಗಡಿನ ಫಲಕ. ಸಾರ್ವಜನಿಕ ಬೀದಿಯಲ್ಲಿ ಇತರರಿಗೆ ನಿಷೇಧ ಹೇರಿ, ಸಂಜೆ ಅದೇ ಜಾಗದಲ್ಲಿ ನಮ್ಮ ಕಾರನ್ನು ನಿಲ್ಲಿಸುತ್ತೇವೆ.

ವಿಶ್ವಸ್ತ ಮಂಡಲಿಗಳ ಬಂಧುಗಳು ಕ್ಷಮಿಸಬೇಕು, ಇನ್ನೊಂದು ಘಟನೆಯನ್ನು ಹೇಳದಿದ್ದರೆ ಈ ಲೇಖನ ಅಪೂರ್ಣವಾಗುತ್ತದೆ. ಒಂದು ವರ್ಷ ದಶಲಕ್ಷಣ ಪರ್ವದ ಸಂಜೆ ನಮ್ಮ ಜಿನಮಂದಿರದ ಬೀದಿಯ ಎರಡೂ ಬದಿಗಳಲ್ಲಿ ಶ್ರಾವಕರ ಕಾರುಗಳು ನಿಂತಿದ್ದವು. ಒಳಗೆ ಪ್ರವಚನ ನಡೆಯುತ್ತಿತ್ತು. ವಿಷಯ ಉತ್ತಮ ಕ್ಷಮೆಯೋ ಸಂಯಮವೋ ಈಗ ನೆನಪಿಲ್ಲ. ಆ ಹೊತ್ತಿಗೆ ಬೀದಿಯ ಕೊನೆಯ ಮನೆಗೆ ಆಂಬುಲೆನ್ಸ್ ಬಂದು ತಿರುವಿನಲ್ಲಿಯೇ ನಿಂತುಬಿಟ್ಟಿತು. ಆ ಮನೆಯವರು ನಮ್ಮ ಸಮಾಜದವರಲ್ಲ. ಅವರ ಮನೆಯ ವೃದ್ಧೆಯನ್ನು ಇಬ್ಬರು ಹುಡುಗರು ಕುರ್ಚಿಯ ಮೇಲೆ ಕೂರಿಸಿ, ಕಾರುಗಳ ನಡುವೆ ಅಡ್ಡಡ್ಡಲಾಗಿ ಹೊತ್ತು ತಂದರು. ಆಕೆ ಬದುಕಿಕೊಂಡರು. ನಮ್ಮ ಪುಣ್ಯವೆಂದು ಎಲ್ಲರೂ ಹೇಳಿದರು. ಆ ಸಾಲಿನಲ್ಲಿ ನನ್ನ ಕಾರೂ ಇತ್ತೆಂಬುದನ್ನು ನಾನು ಅಂದು ಯಾರಿಗೂ ಹೇಳಲಿಲ್ಲ. ಬರಿಗಾಲಿನಲ್ಲಿ ವಿಹರಿಸುವ ತ್ಯಾಗಿಗಳು, ನೆಲ ನೋಡಿ ಹೆಜ್ಜೆಯಿಡಬೇಕಾದವರು, ನಮ್ಮ ವಾಹನಗಳನ್ನು ಬಳಸಿಕೊಂಡು ನಡುರಸ್ತೆಯಲ್ಲಿ ಲಾರಿಗಳ ನಡುವೆ ನಡೆಯಬೇಕಾದ ಸ್ಥಿತಿಯನ್ನೂ ನಾವೇ ನಿರ್ಮಿಸಿದ್ದೇವೆ.

ಪರಿಹಾರ ಶುಲ್ಕದಲ್ಲಿ ಮಾತ್ರ ಇಲ್ಲ. ಜಪಾನಿನಲ್ಲಿ 1962ರ ಕಾನೂನಿನ ಮೇರೆಗೆ, ವಾಹನ ಇಡಲು ಬೀದಿಯ ಹೊರಗೆ ಸ್ವಂತದ್ದೋ ಬಾಡಿಗೆಯದೋ ಜಾಗವನ್ನು ಹೊಂದುವ ಹೊಣೆ ಕಾರಿನ ಒಡೆಯನದು. ಅಂಥ ಜಾಗ ಇದೆಯೆಂದು ಪೊಲೀಸರಿಂದ ಪ್ರಮಾಣಪತ್ರ ಪಡೆಯಬೇಕು. ಒಂದು ಕೋಟಿಗೂ ಮೀರಿ ವಾಹನಗಳಿರುವ ಬೆಂಗಳೂರಿನಲ್ಲಿ ಅಂಥ ಕಾನೂನು ಬರುವವರೆಗೆ ನಾವು ಕಾಯಬೇಕಾಗಿಲ್ಲ. ಬಾಹ್ಯ ಪರಿಗ್ರಹಗಳ ಪಟ್ಟಿಯಲ್ಲಿ ಯಾನವನ್ನೂ ಸೇರಿಸಿದ ಪೂರ್ವಾಚಾರ್ಯರು ಅದಕ್ಕೂ ಮಿತಿ ಹಾಕಿಕೊಳ್ಳುವ ದಾರಿಯನ್ನು ತೋರಿಸಿದ್ದಾರೆ. ಮನೆಯ ಆವರಣದಲ್ಲಿ ಎಷ್ಟು ವಾಹನಕ್ಕೆ ಎಡೆಯಿದೆಯೋ ಅಷ್ಟೇ ವಾಹನ ಎಂಬ ಪರಿಮಾಣ ಕಠಿಣವಾದುದೇನಲ್ಲ. ಉತ್ಸವದ ಆಮಂತ್ರಣ ಪತ್ರಿಕೆಯಲ್ಲಿ ಹತ್ತಿರದ ಬಸ್ಸು, ಮೆಟ್ರೋ ನಿಲ್ದಾಣಗಳ ಹೆಸರನ್ನು ಮುದ್ರಿಸುವುದು, ಪರ್ವದ ದಿನಗಳಿಗೆ ಸಮೀಪದ ಮೈದಾನವೊಂದನ್ನು ಬಾಡಿಗೆಗೆ ಹಿಡಿಯುವುದು, ಬೀದಿಯ ಒಂದು ಬದಿಯನ್ನು ಸಂಪೂರ್ಣ ತೆರವಾಗಿಡಲು ಯುವಕರನ್ನು ನೇಮಿಸುವುದು, ಇವು ಯಾವ ಮಂಡಲಿಯ ಶಕ್ತಿಗೂ ಮೀರಿದ ಕೆಲಸಗಳಲ್ಲ.

ಕೊನೆಗೆ ನಾನು ಸಂಘಕ್ಕೆ ಕೊಟ್ಟದ್ದು ಆಕ್ಷೇಪಣೆಯಲ್ಲ, ಷರತ್ತುಬದ್ಧ ಒಪ್ಪಿಗೆ. ಷರತ್ತುಗಳು ನಾಲ್ಕು: ಮೊದಲು ಫುಟ್‌ಪಾತ್ ಗುರುತಿಸಿ ತೆರವು ಮಾಡತಕ್ಕದ್ದು, ಪ್ರತಿ ವಸೂಲಿಗೂ ಚೀಟಿ ಕೊಡತಕ್ಕದ್ದು, ತಿಂಗಳ ಜಮಾ-ಖರ್ಚನ್ನು ಬೀದಿಯ ಫಲಕದಲ್ಲಿ ಪ್ರಕಟಿಸತಕ್ಕದ್ದು, ಬಂದ ಹಣದ ಹೆಚ್ಚಿನ ಪಾಲನ್ನು ಅದೇ ಬೀದಿಗೆ ವಿನಿಯೋಗಿಸತಕ್ಕದ್ದು. ಅದರೊಡನೆ, ಅಂಗಡಿಯವರ ವಾಹನಗಳು ಬೀದಿಯಲ್ಲಿ ನಿಲ್ಲುವುದಿಲ್ಲವೆಂದು ನಮ್ಮ ಕಡೆಯಿಂದಲೂ ಒಂದು ವಾಗ್ದಾನ ಸೇರಿಸಿದೆ. ಓದಿದ ಅಧ್ಯಕ್ಷರು, “ಯಜಮಾನರೇ, ವಕಾಲತ್ತು ನಮ್ಮ ಪರವಾಗಿ ಕೊಟ್ಟೆವು, ನೀವು ಎದುರು ಪಕ್ಷದ ವಾದ ಬರೆದು ತಂದಿರಿ” ಎಂದರು. ಒಂಬತ್ತು ಜನ ಸಹಿ ಹಾಕಿದರು. ಉಳಿದವರು ಬೇರೆ ಪತ್ರ ಬರೆಸಿಕೊಂಡರು. ಅವರ ಮೇಲೆ ನನಗೆ ಅಸಮಾಧಾನವಿಲ್ಲ. ಒಂದು ವರ್ಷದ ಹಿಂದೆ ನಾನೂ ಅವರೊಡನೆಯೇ ಇರುತ್ತಿದ್ದೆ.

2017ರಿಂದ ಚಿಕ್ಕಪೇಟೆಯಲ್ಲಿಯೇ ಮೆಟ್ರೋ ನಿಲ್ದಾಣವಿದೆ. ಈಗ ಅಲ್ಲಿಂದ ಅಂಗಡಿಗೆ ನಡೆದು ಹೋಗುತ್ತೇನೆ. ಮೊಣಕಾಲು ನೋಯುತ್ತದೆ, ಫುಟ್‌ಪಾತ್ ಸಿಕ್ಕಲ್ಲಿ ಸ್ವಲ್ಪ ಕಡಿಮೆ, ಸಿಗದಲ್ಲಿ ಹೆಚ್ಚು. ನನ್ನ ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಈಗ ಬೇರೊಬ್ಬರ ಕಾರು ನಿಲ್ಲುತ್ತದೆ. ಆದ್ದರಿಂದ ಒಬ್ಬನ ವ್ರತದಿಂದ ಬೀದಿ ತೆರವಾಗುವುದಿಲ್ಲ, ನಿಯಮವೂ ಬೇಕು ಎಂಬುದನ್ನು ಒಪ್ಪುತ್ತೇನೆ. ಆದರೆ ನಿಯಮ ಬಂದ ದಿನ ಅದನ್ನು ವಿರೋಧಿಸುವವರ ಸಾಲಿನಲ್ಲಿ ನಮ್ಮ ಸಮಾಜದವರು ಮುಂದೆ ನಿಲ್ಲದಿರಲಿ ಎಂಬುದೇ ನನ್ನ ವಿನಂತಿ.