ದನಿ ಏರಿಸದವನನ್ನು ಕೇಳುವ ಬಗೆ

ನಿಕ್ ಡ್ರೇಕ್‌ನ ಹಾಡನ್ನು ಮೊದಲ ಸಲ ಕೇಳಿಸುವವರು ಹಾಡಿಗಿಂತ ಮುಂಚೆ ಅವನ ಸಾವಿನ ಕಥೆ ಹೇಳಿಬಿಡುತ್ತಾರೆ. ನನಗೂ ಹಾಗೇ ಆಯಿತು. 26ಕ್ಕೇ ಹೋಗಿಬಿಟ್ಟ, ಬದುಕಿದ್ದಾಗ ಕೇಳುವವರಿರಲಿಲ್ಲ ಎಂದು ಗೆಳೆಯನೊಬ್ಬ ಹೇಳಿ, ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗಿಟ್ಟ. ಆಮೇಲೆ ಕೇಳಿದ್ದೆಲ್ಲ ಶೋಕಗೀತೆಯಾಗಿಯೇ ಕೇಳಿಸಿತು. ಅವನ ಎರಡನೆಯ ಆಲ್ಬಂ ‘ಬ್ರೈಟರ್ ಲೇಟರ್’ನಲ್ಲಿ ಕುಣಿಯುವ ಡ್ರಮ್ಸ್ ಇದೆ, ಊದುವಾದ್ಯಗಳ ಸಡಗರವಿದೆ, ತುಂಟತನವೂ ಇದೆ ಎಂಬುದು ಗೊತ್ತಾಗಲು ನನಗೆ ವರ್ಷಗಳೇ ಹಿಡಿದವು. ಹೊಸದಾಗಿ ಕೇಳಲು ಕೂರುವವರಿಗೆ ಅಷ್ಟು ಕಾಲ ದಂಡವಾಗಬಾರದು.

ಬೇಕಾದಷ್ಟು ಹಿನ್ನೆಲೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಡ್ರೇಕ್ ಹುಟ್ಟಿದ್ದು 1948ರಲ್ಲಿ, ರಂಗೂನಿನಲ್ಲಿ. ತಂದೆ ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಶನ್‌ನಲ್ಲಿ ಕೆಲಸಕ್ಕಿದ್ದರು. ಮಗು ಚಿಕ್ಕದಿರುವಾಗಲೇ ಕುಟುಂಬ ಇಂಗ್ಲೆಂಡಿಗೆ ಮರಳಿ ಟ್ಯಾನ್‌ವರ್ತ್-ಇನ್-ಆರ್ಡನ್ ಎಂಬ ಹಳ್ಳಿಯಲ್ಲಿ ನೆಲೆಸಿತು. ತಾಯಿ ಮಾಲಿ ಮನೆಯ ಪಿಯಾನೊ ಮುಂದೆ ಕೂತು ತಾವೇ ಕಟ್ಟಿದ ಹಾಡುಗಳನ್ನು ಹಾಡಿಕೊಳ್ಳುತ್ತಿದ್ದರು. ಅವರ ಧ್ವನಿಮುದ್ರಣಗಳು ಈಗ ಸಿಗುತ್ತವೆ. ಮಗನ ಸ್ವರ ಇಳಿಯುವ ರೀತಿ ಎಲ್ಲಿಂದ ಬಂತೆಂದು ಒಂದು ಹಾಡು ಕೇಳಿದರೆ ತಿಳಿಯುತ್ತದೆ. ಕೇಂಬ್ರಿಜ್‌ನಲ್ಲಿ ಇಂಗ್ಲಿಷ್ ಸಾಹಿತ್ಯ ಓದಲು ಸೇರಿದವನು ಪದವಿ ಮುಗಿಸದೆ ಲಂಡನ್ನಿಗೆ ಬಂದ. ಮಾಡಿದ್ದು ಮೂರೇ ಆಲ್ಬಂ: 1969ರಲ್ಲಿ ‘ಫೈವ್ ಲೀವ್ಸ್ ಲೆಫ್ಟ್’, 1971ರಲ್ಲಿ ‘ಬ್ರೈಟರ್ ಲೇಟರ್’, 1972ರಲ್ಲಿ ‘ಪಿಂಕ್ ಮೂನ್’. ಮೂರೂ ಸೇರಿ 31 ರಚನೆಗಳು. ಎರಡನೆಯದರ ಹೆಸರು ಅಲ್ಲಿನ ಹವಾಮಾನ ವರದಿಯ ಮಾತಿನಿಂದ ಬಂದದ್ದೆನ್ನುತ್ತಾರೆ: ಈಗ ಮೋಡವಿದ್ದೀತು, ಆಮೇಲೆ ಬೆಳಕಾದೀತು.

ಡ್ರೇಕ್‌ನ ಸಂಗೀತವನ್ನು ಫೋಕ್-ಪಾಪ್ ಎಂದು ಕರೆಯುವುದು ರೂಢಿ. ಫೋಕ್ ಎಂದ ಕೂಡಲೇ ನಮ್ಮ ಮನಸ್ಸು ಜನಪದಕ್ಕೆ, ಬೀಸುವ ಕಲ್ಲಿನ ಹಾಡಿಗೆ, ಹೆಸರಿಲ್ಲದ ಹಾಡುಗಾರರ ಕಡೆಗೆ ಹೋಗುತ್ತದೆ. ಇದು ಅದಲ್ಲ. ಮಾತು, ಧಾಟಿ, ಗಿಟಾರು, ಕಂಠ ನಾಲ್ಕೂ ಒಬ್ಬನದೇ. ನಮ್ಮ ಭಾವಗೀತೆಯಲ್ಲಿ ಬರೆದ ಕವಿ ಒಬ್ಬರು, ರಾಗ ಹಾಕಿದವರು ಇನ್ನೊಬ್ಬರು, ಹಾಡುವವರು ಮತ್ತೊಬ್ಬರು ಇರುವುದೇ ಹೆಚ್ಚು. ಡ್ರೇಕ್‌ನಂಥವರಿಗೆ ನಮ್ಮಲ್ಲಿರುವ ಹತ್ತಿರದ ಪದ ವಾಗ್ಗೇಯಕಾರ. ಅವನ ಕಾಲದ ಫೋಕ್ ಗಿಟಾರು ವಾದಕರ ಬೆರಳಾಟ ಈ ಸಂಗೀತದ ನೆಲ. ಅದರ ಮೇಲೆ ಪಾಪ್ ಸಂಗೀತದ ಡ್ರಮ್ಸ್, ಬೇಸ್ ಗಿಟಾರ್, ಪಿಟೀಲುಗಳು ಬಂದು ಕೂತಾಗ ಈ ಬಗೆ ಹುಟ್ಟುತ್ತದೆ.

ಮೊದಲ ಸಲ ಕೇಳುವಾಗ ಮಾತುಗಳನ್ನು ಬಿಟ್ಟುಬಿಡಿ, ಬೆರಳುಗಳನ್ನು ಮಾತ್ರ ಹಿಂಬಾಲಿಸಿ. ಗಿಟಾರಿನ ಆರು ತಂತಿಗಳಿಗೆ ಎಲ್ಲರೂ ಇಟ್ಟುಕೊಳ್ಳುವ ಶ್ರುತಿ ಒಂದಿದೆ. ಡ್ರೇಕ್ ಅದನ್ನು ಹಾಡಿಗೆ ತಕ್ಕಂತೆ ಬದಲಿಸುತ್ತಿದ್ದ. ಹೀಗೆ ಶ್ರುತಿ ಮಾಡಿದಾಗ ಕೆಲವು ತಂತಿಗಳು ಬೆರಳೊತ್ತದೆ ತಾವಾಗಿ ಮೊಳಗುತ್ತಲೇ ಇರುತ್ತವೆ. ತಂಬೂರಿಯ ನಾದದಲ್ಲಿ ಬೆಳೆದ ಕಿವಿಗೆ ಇದು ಬೇಗ ಹಿಡಿಸುತ್ತದೆ: ಕೆಳಗೊಂದು ನಿಂತ ನಾದ, ಮೇಲೆ ಓಡಾಡುವ ಸ್ವರಗಳು. ಹೆಬ್ಬೆರಳು ಮಂದ್ರದ ತಂತಿಗಳಲ್ಲಿ ಒಂದೇ ನಡಿಗೆಯಲ್ಲಿ ಸಾಗುತ್ತಿದ್ದರೆ ಉಳಿದ ಬೆರಳುಗಳು ತಾರದ ತಂತಿಗಳಲ್ಲಿ ಬೇರೆಯೇ ಕೆಲಸದಲ್ಲಿರುತ್ತವೆ. ಇಬ್ಬರು ನುಡಿಸುತ್ತಿದ್ದಾರೇನೋ ಅನ್ನಿಸುತ್ತದೆ. ‘ಹೇಜಿ ಜೇನ್ 1’ ಹಾಡಿನ ಮೊದಲ ಕ್ಷಣಗಳನ್ನೇ ನಾಲ್ಕೈದು ಬಾರಿ ಕೇಳಿ. ಅಂದಹಾಗೆ ‘ಬ್ರೈಟರ್ ಲೇಟರ್’ನಲ್ಲಿ ‘ಹೇಜಿ ಜೇನ್ 2’ ಮೊದಲು ಬರುತ್ತದೆ, 1 ಆಮೇಲೆ. ನಿಮ್ಮ ಪಟ್ಟಿ ತಪ್ಪಿಲ್ಲ.

ಇನ್ನು ಕಂಠ. ಸಿ. ಅಶ್ವಥ್ ಅವರ ಎದೆತುಂಬಿದ ದನಿಗೆ ಒಗ್ಗಿದವರಿಗೆ ಡ್ರೇಕ್ ಹಾಡುತ್ತಿದ್ದಾನೋ ತನ್ನಷ್ಟಕ್ಕೆ ಗುನುಗುತ್ತಿದ್ದಾನೋ ಎಂಬ ಸಂದೇಹ ಬರುವುದು ಸಹಜ. ಸಾಲಿನ ಕೊನೆಯ ಅಕ್ಷರಗಳನ್ನು ಅವನು ಉಸಿರಿನಲ್ಲೇ ಕರಗಿಸಿಬಿಡುತ್ತಾನೆ. ತಾಳದ ಪೆಟ್ಟು ಬಿದ್ದ ಮೇಲೆ ಒಂದು ಕೂದಲೆಳೆಯಷ್ಟು ತಡವಾಗಿ ಸಾಲು ಎತ್ತುತ್ತಾನೆ. ಇದು ಅಳುಕಲ್ಲ. ಅಷ್ಟು ಬಿಗಿಯಾಗಿ ಗಿಟಾರು ನುಡಿಸುವವನಿಗೆ ಲಯ ತಪ್ಪುವುದಿಲ್ಲ. ದನಿಯನ್ನು ಬೇಕೆಂದೇ ಸಡಿಲವಾಗಿ ಬಿಟ್ಟಿದ್ದಾನೆ. ಕೇಳಿಸಲಿಲ್ಲವೆಂದು ವಾಲ್ಯೂಮ್ ಏರಿಸಬೇಡಿ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ನೀವೇ ಸ್ವಲ್ಪ ಮುಂದಕ್ಕೆ ಬಾಗಿ ಕೇಳಿ.

ಮೊದಲ ಆಲ್ಬಂ ಮಾಡುವಾಗ ಕಲಾವಿದನ ಕೈಯಲ್ಲಿ ವರ್ಷಗಟ್ಟಲೆ ಕೂಡಿಟ್ಟ ಹಾಡುಗಳಿರುತ್ತವೆ. ಎರಡನೆಯದಕ್ಕೆ ಹೊಸದಾಗಿ ದುಡಿಯಬೇಕು, ಜೊತೆಗೆ ಜಗತ್ತು ತನ್ನನ್ನು ಕೇಳೀತೇ ಎಂಬ ಆತಂಕವೂ ಸೇರಿರುತ್ತದೆ. ಮೊದಲನೆಯದು ಹೆಚ್ಚು ಮಾರಾಟವಾಗದೆ ಹೋದ ಮೇಲೆ ಡ್ರೇಕ್ ಮತ್ತು ನಿರ್ಮಾಪಕ ಜೋ ಬಾಯ್ಡ್ ಈ ಸಲ ಬಾಗಿಲನ್ನು ಅಗಲವಾಗಿ ತೆರೆದರು. ಲಂಡನ್ನಿನ ಚೆಲ್ಸಿಯಲ್ಲಿದ್ದ ಸೌಂಡ್ ಟೆಕ್ನಿಕ್ಸ್ ಸ್ಟುಡಿಯೊದಲ್ಲಿ, ಧ್ವನಿಮುದ್ರಕ ಜಾನ್ ವುಡ್ ಅವರ ಕೈಕೆಳಗೆ, ಮನೆತುಂಬ ನೆಂಟರು ಬಂದಂತೆ ವಾದಕರು ಬಂದರು. ಫೇರ್‌ಪೋರ್ಟ್ ಕನ್ವೆನ್ಷನ್ ತಂಡದ ಡೇವ್ ಪೆಗ್ ಬೇಸ್ ಹಿಡಿದ, ಡೇವ್ ಮ್ಯಾಟಕ್ಸ್ ಡ್ರಮ್ಸ್ ನುಡಿಸಿದ. ಪಿಟೀಲು, ಊದುವಾದ್ಯಗಳ ಭಾಗಗಳನ್ನು ಬರೆದವನು ಕೇಂಬ್ರಿಜ್‌ನ ಗೆಳೆಯ ರಾಬರ್ಟ್ ಕರ್ಬಿ. ‘ಹೇಜಿ ಜೇನ್ 2’ರಲ್ಲಿ ರಿಚರ್ಡ್ ಥಾಂಪ್ಸನ್‌ನ ಎಲೆಕ್ಟ್ರಿಕ್ ಗಿಟಾರಿನ ಪಕ್ಕದಲ್ಲಿ ಊದುವಾದ್ಯಗಳು ಓಡೋಡಿ ಬರುವುದನ್ನು ಕೇಳಿ, ಮಾತುಗಳು ಒಂದರ ಬೆನ್ನಿಗೊಂದು ನೂಕಾಡಿಕೊಂಡು ಸಾಲಿನಿಂದಾಚೆಗೆ ಉಕ್ಕುತ್ತವೆ. ದುಃಖಿಯೊಬ್ಬನ ಹಾಡೆಂದು ಕಾದು ಕೂತವರಿಗೆ ಇದು ಕೈಗೇ ಸಿಗುವುದಿಲ್ಲ.

‘ಪೂರ್ ಬಾಯ್’ ಇನ್ನೂ ಧೈರ್ಯದ ಕೆಲಸ. ಆರು ನಿಮಿಷ ದಾಟುವ ಹಾಡು. ದಕ್ಷಿಣ ಆಫ್ರಿಕಾದ ಕ್ರಿಸ್ ಮೆಕ್‌ಗ್ರೆಗರ್ ಜಾಜ್ ಪಿಯಾನೊ ನುಡಿಸುತ್ತಾರೆ. ಡ್ರೇಕ್ ತನ್ನ ಕಷ್ಟ ಹೇಳಿಕೊಳ್ಳುತ್ತಿದ್ದರೆ ಪಿ.ಪಿ. ಆರ್ನಲ್ಡ್ ಮತ್ತು ಡೋರಿಸ್ ಟ್ರಾಯ್ ಹಿಮ್ಮೇಳದಲ್ಲಿ ಅಯ್ಯೋ ಪಾಪದ ಹುಡುಗ ಎಂದು ಅಕ್ಕಂದಿರ ಹಾಗೆ ಅವನ ಕಾಲೆಳೆಯುತ್ತಾರೆ. ತನ್ನನ್ನು ತಾನೇ ಹಾಸ್ಯ ಮಾಡಿಕೊಳ್ಳಬಲ್ಲ ಹುಡುಗ ಇಲ್ಲಿದ್ದಾನೆ. ಅವನ ಬಗ್ಗೆ ಹೇಳುವ ಕಥೆಗಳಲ್ಲಿ ಈ ಹುಡುಗ ಕಾಣುವುದೇ ಇಲ್ಲ.

ಒಂದೇ ಹಾಡಿಗೆ ಸಮಯವಿದೆ ಎಂದರೆ ‘ನಾರ್ದರ್ನ್ ಸ್ಕೈ’ ಕೇಳಿ. ವೆಲ್ವೆಟ್ ಅಂಡರ್‌ಗ್ರೌಂಡ್ ತಂಡದಲ್ಲಿದ್ದ ವೇಲ್ಸಿನ ಜಾನ್ ಕೇಲ್ ಈ ಹಾಡಿಗೆ ಸೆಲೆಸ್ಟ್, ಪಿಯಾನೊ, ಆರ್ಗನ್ ಮೂರನ್ನೂ ನುಡಿಸಿದ್ದಾರೆ. ಸೆಲೆಸ್ಟ್ ಎಂದರೆ ಕೀಲಿಮಣೆ ಒತ್ತಿದಾಗ ಒಳಗಿನ ಲೋಹದ ಪಟ್ಟಿಗಳು ಗೆಜ್ಜೆಯಂತೆ ಸಣ್ಣಗೆ ಮಿಡಿಯುವ ವಾದ್ಯ. ಹಾಡಿನಲ್ಲಿರುವುದು ಪ್ರೀತಿಯ ಬೆರಗು ಮಾತ್ರ. ನಡುವೆ ಕಂಠ ಸುಮ್ಮನಾಗಿ ವಾದ್ಯಗಳು ಮುಂದೆ ಬಂದಾಗ ಪಿಯಾನೊ ಸ್ವರಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಮರಳಿ ಬರುವ ದನಿ ಅದೇ ದನಿಯಾದರೂ ಆಗಲೇ ಬೆಳಗಾಗಿರುತ್ತದೆ. ‘ಫ್ಲೈ’ ಹಾಡಿನಲ್ಲೂ ಕೇಲ್ ಇದ್ದಾರೆ, ವಯೋಲಾ ಮತ್ತು ಹಾರ್ಪ್ಸಿಕಾರ್ಡ್ ನುಡಿಸಿದ್ದಾರೆ. ಡ್ರೇಕ್‌ನ ದನಿ ತನ್ನ ಎಟುಕಿನ ತುದಿಗೆ ಹೋಗಿ ಒಡೆಯುವುದೋ ಎಂಬಂತೆ ನಡುಗುವುದು ಅಲ್ಲಿ.

ಬಿಡುಗಡೆಯಾದಾಗ ಈ ಆಲ್ಬಮ್ಮಿನ 3,000ಕ್ಕಿಂತಲೂ ಕಡಿಮೆ ಪ್ರತಿಗಳು ಹೋದವು ಎನ್ನುತ್ತಾರೆ. ಡ್ರೇಕ್ ವೇದಿಕೆಯೇರುವುದನ್ನು ಹೆಚ್ಚು ಕಡಿಮೆ ನಿಲ್ಲಿಸಿದ್ದ. ಶ್ರುತಿ ಬದಲಿಸುವುದೆಂದರೆ ಸಭೆಯಲ್ಲಿ ಹಾಡುಗಳ ನಡುವೆ ತಂತಿ ತಿರುಪುತ್ತಾ ಕೂರಬೇಕು, ಮಾತಾಡಿ ಜನರನ್ನು ಹಿಡಿದಿಡುವ ಸ್ವಭಾವ ಅವನದಲ್ಲ. ಬಾಯ್ಡ್ ತಮ್ಮ ಕಂಪನಿಯನ್ನು ಐಲೆಂಡ್ ಸಂಸ್ಥೆಗೆ ಮಾರಿ ಅಮೆರಿಕಕ್ಕೆ ಹೋಗುವಾಗ ಡ್ರೇಕ್‌ನ ಆಲ್ಬಮ್ಮುಗಳು ಯಾವಾಗಲೂ ಮಾರಾಟದಲ್ಲಿರಬೇಕೆಂಬ ಕರಾರು ಹಾಕಿದರು. ಆ ಒಂದು ಕರಾರಿನ ಋಣ ನಮ್ಮ ಮೇಲಿದೆ. ಕೇಳುಗರು ನಿಧಾನಕ್ಕೆ ಬಂದರು: 1999ರ ಹೊತ್ತಿಗೆ ಕಾರಿನ ಜಾಹೀರಾತೊಂದರಲ್ಲಿ ‘ಪಿಂಕ್ ಮೂನ್’ ಕೇಳಿ ಕೆಲವರು, 2001ರಲ್ಲಿ ‘ಸೆರೆಂಡಿಪಿಟಿ’ ಸಿನಿಮಾದ ‘ನಾರ್ದರ್ನ್ ಸ್ಕೈ’, ‘ದ ರಾಯಲ್ ಟೆನೆನ್‌ಬಾಮ್ಸ್’ನ ‘ಫ್ಲೈ’ ಕೇಳಿ ಇನ್ನು ಕೆಲವರು.

ಬಂದವರಲ್ಲಿ ಒಮ್ಮತವಿಲ್ಲ. ‘ಬ್ರೈಟರ್ ಲೇಟರ್’ನಲ್ಲಿ ಹಿಮ್ಮೇಳ ಅತಿಯಾಯಿತು, ಹುಡುಗನ ದನಿ ಪಿಟೀಲುಗಳ ಕೆಳಗೆ ಹೂತುಹೋಯಿತು ಎನ್ನುವವರಿಗೆ ‘ಪಿಂಕ್ ಮೂನ್’ ಇಷ್ಟ. ಅದನ್ನು ಎರಡು ರಾತ್ರಿಗಳಲ್ಲಿ ಬರೀ ಗಿಟಾರು, ಕಂಠ, ಒಂದೆಡೆ ನಾಲ್ಕಾರು ಪಿಯಾನೊ ಸ್ವರ ಇಟ್ಟುಕೊಂಡು ಮುಗಿಸಿದ. ಡ್ರೇಕ್‌ಗೂ ಎರಡನೆಯದು ತುಂಬ ಅಲಂಕೃತವಾಯಿತು ಅನ್ನಿಸಿತ್ತೆಂದು ಬಾಯ್ಡ್ ನೆನಪಿಸಿಕೊಂಡಿದ್ದಾರೆ. ಆದರೂ ನಾನು ಈ ಆಲ್ಬಮ್ಮಿನ ಪರ. ಒಂಟಿಯಾಗಿ ಹಾಡಿದಾಗ ಅವನ ಏಕಾಂತ ಕೇಳಿಸುತ್ತದೆ, ನಿಜ. ಇಷ್ಟು ಜನರ ನಡುವೆಯೂ ದನಿ ಏರಿಸದೆ, ಯಾರ ಮೇಲೂ ಮುನಿಯದೆ, ತನ್ನ ಜಾಗದಲ್ಲಿ ನಿಂತು ಹಾಡುವುದು ಅದಕ್ಕಿಂತ ಕಷ್ಟದ್ದು.

ಕೊನೆಗೊಂದು ಮಾತು. ಆಲ್ಬಮ್ಮಿನ ಮೊದಲ, ಆರನೆಯ, ಹತ್ತನೆಯ ತುಣುಕುಗಳಲ್ಲಿ ಹಾಡೇ ಇಲ್ಲ, ಬರೀ ವಾದ್ಯ. ಹೊಸಬರು ಅವನ್ನು ದಾಟಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಲ್‌ಪಿ ಕಾಲದಲ್ಲಿ ಐದು ಮುಗಿದ ಮೇಲೆ ತಟ್ಟೆ ಮಗುಚಿ ಹಾಕಬೇಕಿತ್ತು, ಆ ಬಿಡುವನ್ನೂ ನೀವಾಗಿ ಕೊಟ್ಟುಕೊಳ್ಳಿ. ಹತ್ತನೆಯದರ ಹೆಸರು ‘ಸಂಡೇ’. ಗಿಟಾರಿನ ಮೇಲೆ ಕೊಳಲೊಂದು ಭಾನುವಾರದ ಮಧ್ಯಾಹ್ನದಂತೆ ಅಲೆದಾಡುತ್ತದೆ, ಡ್ರೇಕ್ ಒಂದು ಮಾತೂ ಆಡುವುದಿಲ್ಲ. ಅದು ನಿಂತ ಕೂಡಲೇ ಫೋನು ತನ್ನಷ್ಟಕ್ಕೆ ಬೇರೆ ಯಾರದೋ ಹಾಡು ಶುರುಮಾಡದಂತೆ ಮೊದಲೇ ನೋಡಿಕೊಂಡಿರಿ.